ಮಸ್ಕತ್ತಿನ ಬಿಸಿಲಿಗೆ ಇಟ್ಟ ಗಿಟಾರ್

ಹಿರಿಯೂರು

ಮಸ್ಕತ್ತಿನಿಂದ ಬಂದ ಮೇಲೆ ಹೊಸದುರ್ಗದ ನಮ್ಮ ಬೀಗರು ಕೇಳಿದರು, "ಅಲ್ಲೇನು ನೋಡಿದ್ರಿ?" ಅಂತ. "ಬೆಟ್ಟ" ಅಂದೆ. "ದುರ್ಗದಾಗೆ ಇಲ್ದಿರೋ ಬೆಟ್ಟಾನಾ? ಅದಕ್ಕೆ ವಿಮಾನ ಹತ್ತಬೇಕಿತ್ತಾ?" ಅಂತ ನಕ್ಕರು. ನಾನೂ ನಕ್ಕೆ. ಅಲ್ಲಿ ನಾನು ಮಾಡಿ ಬಂದ ಕೆಲಸವನ್ನು ಬೀಗರ ಎದುರಿಗೆ, ಅದೂ ಊಟಕ್ಕೆ ಕೂತಾಗ, ಹೇಳುವುದು ಹೇಗೆ? ಬರೆಯುವುದೇ ವಾಸಿ. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು ನಾನು, ಅಕ್ಷರ ಹೆಚ್ಚುಕಮ್ಮಿ ಆಗಿದ್ದರೆ ನೀವೇ ಸರಿ ಮಾಡಿಕೊಂಡು ಓದಿ.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಎಲ್ಲರಿಗೂ ಗೊತ್ತು. ಗಣಪತಿ ಕೂರಿಸಿದಾಗ, ಮದುವೆ ಆರತಕ್ಷತೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡು ಹಾಡುತ್ತಾರಲ್ಲ, ಅದು. ಸ್ವಂತದ ಹಾಡು ಒಂದೂ ಇಲ್ಲ. ಬೇರೆಯವರು ಮಾಡಿದ ಹಾಡನ್ನು ಥೇಟ್ ಹಾಗೇ ಬಾರಿಸಬೇಕು. ಒಂದು ಚೂರು ಬದಲಾದರೂ ಹಿಂದಿನ ಸಾಲಿನ ಹುಡುಗರಿಗೆ ಗೊತ್ತಾಗಿಬಿಡುತ್ತದೆ. ಚಿತ್ರದುರ್ಗದ ರಫೀಕ್ ಮಾಸ್ಟರ ಆರ್ಕೆಸ್ಟ್ರಾದಲ್ಲಿ ನನ್ನ ಮೊಮ್ಮಗಳು ಚೈತ್ರ ಬಾಸ್ ಗಿಟಾರ್ ನುಡಿಸುತ್ತಾಳೆ. ದುರ್ಗದ ಕಾಲೇಜಿನಲ್ಲಿ ಓದು, ಶನಿವಾರ ಭಾನುವಾರ ಬಂತೆಂದರೆ ಹೊಳಲ್ಕೆರೆ, ಹೊಸದುರ್ಗ ಅಂತ ಗಾಡಿ ಹತ್ತುತ್ತಾಳೆ. ಮಾಮೂಲಿ ಗಿಟಾರಿಗೆ ಆರು ತಂತಿ ಇರುತ್ತವಂತೆ. ಇದಕ್ಕೆ ನಾಲ್ಕೇ, ಆದರೆ ದಪ್ಪನೆಯದು ಸೈಕಲ್ಲಿನ ಬ್ರೇಕ್ ವೈರಿನ ಹಾಗೆ ಇರುತ್ತದೆ. ಕತ್ತೋ ನನ್ನ ತೋಳಿಗಿಂತ ಉದ್ದ. ಎರಡು ಗಣಪತಿ ಹಬ್ಬದ ಕಾಲ ದುಡಿದು ಅವಳೇ ತಗೊಂಡಿದ್ದು.

ನಾನು ಡೊಳ್ಳು ಬಾರಿಸುವವನು. ಸದ್ದು ಅಂದರೆ ಮೂರು ಹೊಲದಾಚೆ ಕೇಳಬೇಕು ಅನ್ನುವ ಪೈಕಿ. ಮೊದಲ ಸಲ ಹೊಳಲ್ಕೆರೆಯ ಮದುವೆಯೊಂದರಲ್ಲಿ ಅವಳು ನುಡಿಸಿದ್ದನ್ನು ನೋಡಿ, ಗಾಡಿ ಹತ್ತುವಾಗ, "ನಿಂದು ಯಾವಾಗ ಬಂತವ್ವ?" ಅಂತ ಕೇಳಿದ್ದೆ. "ಶುರುವಿಂದ ಕೊನೇ ತನಕ ನಂದೇ ಇತ್ತಲ್ಲ ಅಜ್ಜ" ಅಂದಳು. ನನ್ನ ಕಿವಿಗೆ ಬಿದ್ದಿರಲಿಲ್ಲ. ಹಾಗಂತ ಹೆಮ್ಮೆ ಏನೂ ಕಮ್ಮಿ ಆಗಲಿಲ್ಲ. ವೇದಿಕೆ ಮೇಲೆ ನಿಂತಿದ್ದಾಳಲ್ಲ, ಅಷ್ಟು ಸಾಕು.

ರಫೀಕ್ ಮಾಸ್ಟರು ಕೀಬೋರ್ಡ್ ನುಡಿಸುವವರು, ತಂಡಕ್ಕೆ ಅವರೇ ಯಜಮಾನರು. ಬಾಸ್ ಬೇಕೆಂದರೆ ಕೀಬೋರ್ಡಿನ ಎಡತುದಿಯ ಮನೆಗಳನ್ನು ಎಡಗೈಯಲ್ಲಿ ಒತ್ತಿದರೆ ಆಯಿತು, ಅದಕ್ಕೆ ಬೇರೆ ಮನುಷ್ಯ ಯಾಕೆ ಅನ್ನುವುದು ಅವರ ಮಾತು. ನಮ್ಮ ಜಿಲ್ಲೆಯ ಎಷ್ಟೋ ತಂಡಗಳು ಹಾಗೇ ನಡೆಯುತ್ತವೆ. ಮಸ್ಕತ್ತಿನಲ್ಲಿರುವ ಕನ್ನಡದವರು ಯುಗಾದಿ ಕಾರ್ಯಕ್ರಮಕ್ಕೆ ಕರೆದಾಗ ಮಾಸ್ಟರು ಚೈತ್ರಳಿಗೆ ನೇರವಾಗಿ ಹೇಳಿದರು. "ಅಲ್ಲಿ ನೋಡ್ತೀನಿ. ಬಾಸ್ ಬೇಕೇ ಬೇಕು ಅನ್ನಿಸ್ತೋ, ನೀನು ಖಾಯಂ. ಇಲ್ಲಾಂದ್ರೆ ಊರಿಗೆ ಬಂದ್ಮ್ಯಾಲೆ ನನ್ನ ಎಡಗೈ ಐತಲ್ಲಮ್ಮ."

ಹುಡುಗಿ ಒಬ್ಬಳನ್ನೇ ಅಷ್ಟು ದೂರ ಕಳಿಸುವುದಕ್ಕೆ ನನ್ನ ಮಗ ತಿಪ್ಪೇಸ್ವಾಮಿ ಒಪ್ಪಲಿಲ್ಲ. "ಅಪ್ಪ ಜತೆಗೆ ಹೋದ್ರೆ ಹೋಗ್ಲಿ" ಅಂದ. ಹೀಗೆ ನಾನು ಕಾವಲಿಗೆ ಹೊರಟವನು. ಯಾವ ಕಾವಲು ಕಾದೆ ಅನ್ನುವುದನ್ನು ಮುಂದೆ ನೀವೇ ಓದುತ್ತೀರಿ.

ವಿಮಾನ

ಚೈತ್ರ ತನ್ನ ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ದುರ್ಗದಲ್ಲೇ ಬಿಟ್ಟಳು, ಅದನ್ನು ಎತ್ತಲು ಇಬ್ಬರು ಬೇಕು. ಗಿಟಾರನ್ನು ಮಾತ್ರ ಸಾಮಾನಿನ ಜೊತೆ ಹಾಕಲು ಒಪ್ಪಲಿಲ್ಲ. "ಎತ್ತಿ ಒಗೀತಾರೆ ಅಜ್ಜ" ಅಂತ ಬೆನ್ನಿಗೇ ಹಾಕಿಕೊಂಡು ಬಂದಳು. ತಪಾಸಣೆ ಮಾಡುವವನು ಚೀಲ ಬಿಚ್ಚಿಸಿದ. ನಾನು ಮುಂದೆ ಹೋಗಿ, "ನನ್ ಮೊಮ್ಮಗಳು ಸ್ವಾಮಿ, ಫಾರಿನ್ನಾಗೆ ಇದನ್ನ ಬಾರಿಸ್ತಾಳೆ" ಅಂದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಹಿಂದಿದ್ದ ಹೆಂಗಸಿಗೆ ಬರುತ್ತಿತ್ತು, ಅವರಿಗೂ ಹೇಳಿದೆ. ವಿಮಾನದೊಳಗೆ ಕಿಟಕಿ ಪಕ್ಕದವನಿಗೆ ಹೇಳಿದೆ. ಗಿಟಾರನ್ನು ಕೋಟು ತೂಗುಹಾಕುವ ಬೀರುವಿನಲ್ಲಿ ಇಟ್ಟುಕೊಟ್ಟ ಹುಡುಗಿಗೆ ಕೈಸನ್ನೆಯಲ್ಲೇ ಹೇಳಿದೆ.

"ಎಲ್ರಿಗೂ ಹೇಳ್ಬ್ಯಾಡ ಅಜ್ಜ, ನಾಚ್ಕೆ ಆಗುತ್ತೆ" ಅಂದಳು ಚೈತ್ರ.

"ಹೇಳೋದ್ರಾಗೆ ಏನವ್ವ ನಾಚ್ಕೆ?"

"ನಾನು ಇನ್ನೂ ಖಾಯಂ ಆಗಿಲ್ಲ" ಅಂದಳು. ಮುಖವನ್ನು ಕಿಟಕಿ ಕಡೆ ತಿರುಗಿಸಿಕೊಂಡಳು. ನಾನು ಕಂಬಳಿ ಹೊದ್ದುಕೊಂಡು ಕೂತೆ. ವಿಮಾನದೊಳಗೆ ಎಂಥಾ ಚಳಿ ಅಂದರೆ, ಅಕ್ಕಪಕ್ಕದವರೆಲ್ಲ ನನ್ನ ಕಂಬಳಿಯನ್ನೇ ನೋಡುತ್ತಿದ್ದರು.

ಮಸ್ಕತ್, ಇಳಿದ ದಿನ

ಊರೊಳಗೇ ಬೆಟ್ಟ. ಮನೆಗಳ ಬೆನ್ನಿಗೇ ಕಪ್ಪು, ಕಂದು ಬಣ್ಣದ, ಒಂದು ಹುಲ್ಲುಕಡ್ಡಿ ಇಲ್ಲದ ಬೆಟ್ಟ. ತುದಿಯಲ್ಲಿ ಕಾವಲು ಬುರುಜು. ದುರ್ಗದ ಕೋಟೆಯನ್ನು ಯಾರೋ ತೊಳೆದು ಒಣಗಿಸಿ ಇಟ್ಟ ಹಾಗೆ. ನಮ್ಮ ಗುಡ್ಡದಲ್ಲಿ ಕಾರೆ ಗಿಡವಾದರೂ ಇದೆ, ಆಡು ಬದುಕುತ್ತದೆ. ಇಲ್ಲಿನ ಆಡು ಏನು ತಿನ್ನುತ್ತದೆ ಅಂತ ಗಾಡಿಯಲ್ಲಿ ನಮ್ಮನ್ನು ಕರೆದುಕೊಂಡು ಹೋದ ನಾಗರಾಜಪ್ಪನವರನ್ನು ಕೇಳಿದೆ. "ಖರ್ಜೂರ ತಿಂತಾವೆ ಯಜಮಾನ್ರೇ, ನಮ್ಗಿಂತ ಚೆನ್ನಾಗವೆ" ಅಂದರು. ನಾಗರಾಜಪ್ಪ ಹೊಸದುರ್ಗದ ಕಡೆಯವರು, ಅಲ್ಲೇ ಕೆಲಸದಲ್ಲಿದ್ದಾರೆ, ಕಾರ್ಯಕ್ರಮದ ಓಡಾಟ ಎಲ್ಲಾ ಅವರದೇ.

ಗಾಡಿ ಯಾವುದೂ ಹಾರನ್ ಹೊಡೆಯುವುದಿಲ್ಲ. ರಸ್ತೆ ದಾಟಲು ನಿಂತರೆ ದೂರದಲ್ಲೇ ನಿಂತುಬಿಡುತ್ತವೆ. ನಾನು ಅವು ಹೋಗಲಿ ಅಂತ ಕಾದೆ, ಅವು ನಾನು ಹೋಗಲಿ ಅಂತ ಕಾದವು. ಕೊನೆಗೆ ಚೈತ್ರ ಕೈ ಹಿಡಿದು ಎಳೆದುಕೊಂಡು ಹೋದಳು.

ಕಾರ್ಯಕ್ರಮ ನಾವು ಉಳಿದುಕೊಂಡ ಹೋಟೆಲಿನ ಹಾಲಿನಲ್ಲೇ. ಅವತ್ತು ಸಂಜೆ ಸೌಂಡ್ ಚೆಕ್ ಅಂತ ಎಲ್ಲರೂ ಅವರವರ ವಾದ್ಯ ಬಾರಿಸಿ ನೋಡಿದರು. ಹಾಲಿನೊಳಗೆ ಏಸಿ ಹಾಕಿ ಕೊರೆಯುವ ಚಳಿ ಮಾಡಿದ್ದರು. ಮಾಸ್ಟರು ಮುಖ ಹುಳ್ಳಗೆ ಮಾಡಿಕೊಂಡು, "ಚೈತ್ರ, ನಿನ್ನ ಬಾಸ್ ಎದ್ದು ಬರ್ತಿಲ್ಲಮ್ಮ, ಮಂಕಾಗೈತೆ" ಅಂದರು.

"ನಾಳೆ ಸರಿ ಆಗುತ್ತೆ ಮಾಸ್ಟರ್. ಈ ಹಾಲಿಂದು ಸೌಂಡು ನಂಗೆ ಹೊಸದು."

"ನಾಳೆ ಆಗ್ಲಿಲ್ಲಾಂದ್ರೆ ನೀನು ಸುಮ್ನೆ ನಿಂತ್ಕ. ನಾನು ಎಡಗೈಯಾಗೆ ನೋಡ್ಕಂತೀನಿ."

ಅವಳು ತಂತಿಯನ್ನೇ ನೋಡುತ್ತಾ ಹೂಂ ಅಂದಳು. ಮಂಕಾಗೈತೆ ಅನ್ನುವ ಒಂದು ಮಾತು ನನ್ನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು.

ಕಹ್ವಾ ಕುಡಿದ ಮನೆ

ನಾಗರಾಜಪ್ಪ ಅವತ್ತೇ ನಮ್ಮನ್ನೆಲ್ಲ ತಮ್ಮ ಸಾಹೇಬರ ಮನೆಗೆ ಕರೆದುಕೊಂಡು ಹೋದರು. ಸಾಹೇಬರು ಅಲ್ಲಿನವರೇ, ಬಿಳಿ ನಿಲುವಂಗಿ, ಕಸೂತಿ ಟೋಪಿ. ನೆಲದ ಮೇಲೆ ಕೂರಿಸಿದರು, ಅದು ನನಗೆ ಬಹಳ ಹಿಡಿಸಿತು. ಖರ್ಜೂರ ಇಟ್ಟು, ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ ಕಹ್ವಾ ಅನ್ನುವ ಕಾಫಿ ಬಗ್ಗಿಸಿದರು. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ವಾಸನೆ. ಮನೆಯವರು ಕೊಟ್ಟಿದ್ದನ್ನು ಬೇಡ ಅನ್ನಬಾರದು ಅಂತ ಕುಡಿದೆ. ಇನ್ನೊಂದು ಬಗ್ಗಿಸಿದರು. ಅದನ್ನೂ ಕುಡಿದೆ. ಮತ್ತೆ ಬಗ್ಗಿಸಿದರು. ಉಳಿದವರ ಬಟ್ಟಲು ಖಾಲಿ, ನನ್ನದೊಂದೇ ತುಂಬುತ್ತಾ ಹೋಯಿತು. ಆ ಮನೆಯ ಯಜಮಾನರು ಹೂಜಿ ಹಿಡಿದು ನನ್ನ ಎದುರಿಗೇ ಕೂತುಬಿಟ್ಟರು. ಅವರೂ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಕೊನೆಗೆ ನಾಗರಾಜಪ್ಪ ನನ್ನ ಕಿವಿಯಲ್ಲಿ, "ಸಾಕಾದ್ರೆ ಬಟ್ಲು ಅಲ್ಲಾಡ್ಸಿ ಕೊಡ್ರಿ ಯಜಮಾನ್ರೇ, ಇಲ್ಲಾಂದ್ರೆ ಹಾಕ್ತಾನೇ ಇರ್ತಾರೆ. ಅದು ಇವ್ರ ಪದ್ಧತಿ" ಅಂದರು. ಮೊದಲೇ ಹೇಳಬಾರದಿತ್ತಾ? ಅಲ್ಲಾಡಿಸಿದೆ. ಯಜಮಾನರು ನಕ್ಕು ಹೂಜಿ ಕೆಳಗಿಟ್ಟರು. ನಮ್ಮಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಬಿಡುತ್ತಾರೆ. ಇವರು ಬಟ್ಟಲ ಅಲುಗಾಟಕ್ಕೇ ಮರ್ಯಾದೆ ಕೊಡುತ್ತಾರೆ.

ಆ ಕಾಫಿ ನನಗೆ ಕಣ್ಣು ಮುಚ್ಚಲು ಬಿಡಲಿಲ್ಲ, ಹೊಟ್ಟೆಯನ್ನೂ ಕೆಡಿಸಿತು. ಬೆಳಗ್ಗೆ ಎಲ್ಲರೂ ಸಮುದ್ರ ನೋಡಲು ಹೊರಟಾಗ ನಾನು ಬರಲ್ಲ ಅಂದೆ. ಚೈತ್ರ ಚೀಲದಲ್ಲಿದ್ದ ಗಿಟಾರನ್ನು ನನ್ನ ಮಂಚದ ಪಕ್ಕ ಒರಗಿಸಿ, "ಇದನ್ನ ನೋಡ್ಕಂಡಿರು ಅಜ್ಜ. ಯಾರಿಗೂ ಮುಟ್ಟಕ್ಕೆ ಬಿಡ್ಬ್ಯಾಡ" ಅಂದಳು.

ಆ ಯಾರೂ ಅನ್ನುವುದರಲ್ಲಿ ನಾನೂ ಸೇರಿದ್ದೆ ಅಂತ ನನಗೆ ಹೊಳೆಯಲೇ ಇಲ್ಲ.

ತಾರಸಿ

ಡೊಳ್ಳು ಬಾರಿಸುವವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಮಗ್ಗುಲಿಗೆ ಕುರಿ ಚರ್ಮ, ಇನ್ನೊಂದಕ್ಕೆ ಆಡಿನ ಚರ್ಮ. ಚಳಿಗೆ, ಮೋಡಕ್ಕೆ ಎರಡೂ ಮಂಕಾಗುತ್ತವೆ. ಬಾರಿಸಿದರೆ ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಸದ್ದು. ಆಗ ನಾವು ಹುಲ್ಲಿಗೆ ಬೆಂಕಿ ಹಾಕಿ ಕಾಯಿಸುತ್ತೇವೆ, ಇಲ್ಲ ಬಿಸಿಲಿಗೆ ಒಡ್ಡಿ ಇಡುತ್ತೇವೆ. ಕಾದ ಡೊಳ್ಳಿಗೆ ಒಂದು ಪೆಟ್ಟು ಹಾಕಿದರೆ ಗುಡ್ಡ ಮಾರುತ್ತರ ಕೊಡುತ್ತದೆ. ಬೆಳಗಿನ ಹೊತ್ತು ಕಾಯಿಸದೆ ಡೊಳ್ಳು ಎತ್ತಿಕೊಂಡರೆ ನಮ್ಮಪ್ಪ ಕೋಲಿನಲ್ಲಿ ನನಗೇ ಒಂದು ಬಿಡುತ್ತಿದ್ದ.

ಮಂಚದ ಮೇಲೆ ಕೂತು ಆ ಚೀಲವನ್ನೇ ನೋಡಿದೆ. ರೂಮಿನಲ್ಲೂ ಏಸಿ. ರಾತ್ರಿಯೆಲ್ಲಾ ಚಳಿ ಕುಡಿದು ಇದು ಇನ್ನಷ್ಟು ಮಂಕಾಗಿರುತ್ತದೆ, ಮಕ್ಕಳಿಗೆ ಇದು ಯಾಕೆ ಗೊತ್ತಾಗುವುದಿಲ್ಲ ಅನ್ನಿಸಿತು. ಚೀಲ ಬಿಚ್ಚಿದೆ. ಕಪ್ಪು ಬಣ್ಣ, ಕನ್ನಡಿಯ ಹಾಗೆ ಹೊಳಪು. ಮುಟ್ಟಿದರೆ ತಣ್ಣಗೆ. ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿ ತಾರಸಿಗೆ ಹೋದೆ. ಏಸಿ ಯಂತ್ರಗಳ ಮೇಲೆ ತಗಡು ಹೊದಿಸಿದ್ದರು. ಬಿಸಿಲಿಗೆ ಕೈ ಇಡಲಾಗುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಮಲಗಿಸಿದೆ. ನಾನು ನೀರಿನ ತೊಟ್ಟಿಯ ನೆರಳಲ್ಲಿ ಕೂತು ಬೆಟ್ಟ ನೋಡಿದೆ. ಸ್ವಲ್ಪ ಹೊತ್ತಿಗೆ ಮಗುಚಿ ಹಾಕಿದೆ, ಡೊಳ್ಳನ್ನು ಎರಡೂ ಕಡೆ ಕಾಯಿಸಬೇಕಲ್ಲ. ಎಷ್ಟು ಸಂತೋಷವಾಗಿತ್ತು ಅಂದರೆ, ಹಾಡು ಗುನುಗುತ್ತಿದ್ದೆ. ಇವತ್ತು ಸಂಜೆ ಆ ಮಾಸ್ಟರ ಕಿವಿ ಗುಂಯ್ ಅನ್ನಬೇಕು, ನನ್ನ ಹುಡುಗಿ ಖಾಯಂ ಆಗಬೇಕು ಅಂದುಕೊಂಡೆ.

ಮಧ್ಯಾಹ್ನ ಅವರೆಲ್ಲ ಬಂದಾಗ ಗಿಟಾರನ್ನು ರೂಮಿಗೆ ತಂದು ಹಾಸಿಗೆ ಮೇಲೆ ಇಟ್ಟಿದ್ದೆ. ಬಾಗಿಲಲ್ಲೇ ಹೇಳಿದೆ, "ಕಾಯ್ಸೀನಿ ನೋಡವ್ವ. ಬೆಳಗ್ಗಿಂದ ಎರಡೂ ಮಗ್ಗುಲು ಬಿಸಿಲು ಕುಡಿದೈತೆ. ಈಗ ಬಾರ್ಸು."

ಚೈತ್ರ ಮುಟ್ಟಿದಳು, ಸುಟ್ಟುಕೊಂಡವಳ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಎತ್ತಿ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿದಳು. ನೇರ ಇದ್ದದ್ದು ಉಣ್ಣೆ ಹಿಂಜುವ ಬಿಲ್ಲಿನ ಹಾಗೆ ಬಾಗಿತ್ತು. ತಂತಿಗಳು ಎತ್ತರಕ್ಕೆ ಎದ್ದು ನಿಂತಿದ್ದವು, ಒತ್ತಿದರೆ ಬೆರಳು ಕೊಯ್ಯುವಷ್ಟು. ಒಂದು ಕಡೆ ಅಂಟು ಬಿಟ್ಟು ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ಅವಳು ಹಾಸಿಗೆ ತುದಿಯಲ್ಲಿ ಕೂತು ಮುಖ ಮುಚ್ಚಿಕೊಂಡಳು.

ಸುದ್ದಿ ಕೇಳಿ ಬಂದ ಮಾಸ್ಟರು ಗಿಟಾರನ್ನೂ ನೋಡಿದರು, ನನ್ನನ್ನೂ ನೋಡಿದರು. "ಯಜಮಾನ್ರೇ, ಇದೇನು ಹಪ್ಪಳಾನಾ, ತಾರಸಿ ಮ್ಯಾಲೆ ಒಣಗಾಕಕ್ಕೆ?" ಅಂದರು. ಬಾಗಿಲ ಹತ್ತಿರ ನಿಂತಿದ್ದ ಹಾಡುವ ಹುಡುಗರು ನಗು ತಡೆದುಕೊಂಡರು. ಮಾಸ್ಟರು ಚೈತ್ರಳ ತಲೆ ಮೇಲೆ ಕೈ ಇಟ್ಟು, "ಹೋಗ್ಲಿ ಬಿಡಮ್ಮ, ಅಳಬ್ಯಾಡ. ಎಡಗೈ ಐತೆ" ಅಂದರು. ಸಮಾಧಾನಕ್ಕೇ ಹೇಳಿದ್ದು. ಆದರೆ ಆ ಮಾತಿಗೇ ಅವಳು ಬಿಕ್ಕಿದಳು.

ಭೂಮಿ ಬಾಯಿ ಬಿಡಬಾರದಾ ಅನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದು ಅಂದುಕೊಂಡಿದ್ದೆ. ನಾನಿದ್ದದ್ದು ನಾಲ್ಕನೇ ಮಹಡಿಯಲ್ಲಿ, ಭೂಮಿ ಕೂಡ ಹತ್ತಿರ ಇರಲಿಲ್ಲ.

ಕೆಳಗಿನ ಲೌಂಜ್

ಹೋಟೆಲಿನ ಕೆಳ ಅಂತಸ್ತಿನಲ್ಲಿ ಜನ ಕೂತು ಹರಟೆ ಹೊಡೆಯುವ ಒಂದು ಜಾಗ, ಲೌಂಜ್ ಅನ್ನುತ್ತಾರೆ. ಅಲ್ಲಿ ಫಿಲಿಪೀನ್ಸ್ ದೇಶದವರ ತಂಡವೊಂದು ದಿನಾ ರಾತ್ರಿ ಒಂಬತ್ತು ಗಂಟೆಗೆ ಹಾಡುತ್ತದೆ. ಅವರದೂ ನಮ್ಮದೇ ಕಸುಬು. ಅರಬ್ಬರು ಬಂದರೆ ಅರಬ್ಬಿ ಹಾಡು, ನಮ್ಮವರು ಬಂದರೆ ಹಿಂದಿ ಹಾಡು, ಬಿಳಿಯರು ಬಂದರೆ ಇಂಗ್ಲಿಷು. ಯಾರದೋ ಹಾಡು, ಯಾರದೋ ಊರು. ಹಿಂದಿನ ದಿನ ಅವರ ಬಾಸ್ ಗಿಟಾರನ್ನು ಚೈತ್ರ ನಿಂತು ನೋಡಿದ್ದಳು. ಅದು ನೆನಪಾಗಿ ಕಣ್ಣು ಒರೆಸಿಕೊಂಡು ಎದ್ದಳು. ಹಿಂದೆ ನಾನು.

ಬಾಸ್ ನುಡಿಸುವವನು ಊಟ ಮುಗಿಸಿ ಅಲ್ಲೇ ಕೂತಿದ್ದ, ಹೆಸರು ರೊಡೆಲ್. ಗುಂಡಗಿನ ಮನುಷ್ಯ, ನಮ್ಮ ತಿಪ್ಪೇಸ್ವಾಮಿಯ ವಯಸ್ಸು. ಚೈತ್ರ ಇಂಗ್ಲಿಷಿನಲ್ಲಿ ಹೇಳುತ್ತಾ ಹೇಳುತ್ತಾ ನನ್ನ ಕಡೆ ಕೈ ತೋರಿಸಿದಳು. ಅವನು ನಗುತ್ತಾನೆ ಅಂತ ತಲೆ ತಗ್ಗಿಸಿದೆ. ಅವನು ನಗಲಿಲ್ಲ. ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು, ತಲೆ ಹತ್ತಿರದ ಸಣ್ಣ ತೂತಿಗೆ ಬಾಗಿದ ಕಬ್ಬಿಣದ ಕೀಲಿಯೊಂದನ್ನು ತೂರಿಸಿ ಮೆಲ್ಲಗೆ ತಿರುವಿದ. ಕತ್ತಿನೊಳಗೆ ಒಂದು ಸಲಾಕೆ ಇರುತ್ತದಂತೆ, ಅದನ್ನು ಬಿಗಿದರೆ ಬಾಗು ಕಮ್ಮಿಯಾಗುತ್ತದಂತೆ. ತಿರುವಿದ, ನೋಡಿದ, ಮತ್ತೆ ತಿರುವಿದ, ನಿಲ್ಲಿಸಿದ. ಇನ್ನೂ ತಿರುವಿದರೆ ಮುರಿಯುತ್ತದೆ, ಇವತ್ತು ತಣ್ಣಗೆ ಮಲಗಲಿ ಅಂದನಂತೆ. ಆಮೇಲೆ ಎದ್ದು ಹೋಗಿ ತನ್ನದನ್ನೇ ತಂದು ಅವಳ ಕೈಗೆ ಕೊಟ್ಟ. ಒಂಬತ್ತಕ್ಕೆ ವಾಪಸ್ ಬೇಕು, ಅಷ್ಟೇ.

ನಾನು ಎರಡೂ ಕೈ ಮುಗಿದೆ. ಅವನು ಏನೋ ಹೇಳಿ ನನ್ನ ಬೆನ್ನು ತಟ್ಟಿದ.

"ಏನಂದ?" ಅಂತ ಕೇಳಿದೆ.

"ಅವ್ನ ಅಜ್ಜಿ ಅವ್ನ ಗಿಟಾರ್ ಪೆಟ್ಟಿಗೆ ಮ್ಯಾಲೆ ಮೀನು ಒಣಗಿಸ್ತಿದ್ಲಂತೆ. ಎಷ್ಟು ತೊಳೆದ್ರೂ ವಾಸ್ನೆ ಹೋಗ್ಲಿಲ್ವಂತೆ" ಅಂದಳು ಚೈತ್ರ. ಅವಳ ತುಟಿ ಒಂದು ಚೂರು ಅಲುಗಿತು. ನನಗೆ ನಗಲು ಧೈರ್ಯ ಬರಲಿಲ್ಲ.

ಅವನ ಗಿಟಾರಿಗೆ ಐದು ತಂತಿ. ಮೇಲ್ಗಡೆ ಒಂದು ದಪ್ಪನೆಯದು ಜಾಸ್ತಿ. ರೂಢಿ ಇಲ್ಲದೆ ಅವಳ ಬೆರಳು ಮತ್ತೆ ಮತ್ತೆ ಅದಕ್ಕೇ ಬೀಳುತ್ತಿತ್ತು. ಕೊನೆಗೆ ಕರ್ಚೀಫನ್ನು ಮಡಿಚಿ ಆ ತಂತಿಯ ಕೆಳಗೆ ತುರುಕಿದಳು, ಬೆರಳು ತಗುಲಿದರೂ ಸದ್ದು ಬರದ ಹಾಗೆ. ಸಂಜೆ ತನಕ ಊಟ ಬಿಟ್ಟು ಅಭ್ಯಾಸ ಮಾಡಿದಳು. ಮಾಸ್ಟರು ಒಮ್ಮೆ ಇಣುಕಿ, "ನೋಡಾಣ" ಅಂದು ಹೋದರು.

ವೇದಿಕೆ

ಕನ್ನಡಿಗರು ಎಲ್ಲಿಗೆ ಹೋದರೂ ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಶುರುವಾಗುವುದಿಲ್ಲ. ದೀಪ ಹಚ್ಚಿದರು. ಸ್ವಾಗತ, ಮಕ್ಕಳ ಕೋಲಾಟ, ಬೇವು ಬೆಲ್ಲ, ಅಧ್ಯಕ್ಷರ ಮಾತು, ಇನ್ನೊಬ್ಬ ಅಧ್ಯಕ್ಷರ ಮಾತು. ತಂಡದವರು ವೇದಿಕೆ ಪಕ್ಕದಲ್ಲಿ ವಾದ್ಯ ಹಿಡಿದು ನಿಂತೇ ಇದ್ದರು. ಎಂಟು ಗಂಟೆ ಆಗಿಹೋಯಿತು. ಆಗ ನಾಗರಾಜಪ್ಪ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ದುರ್ಗದ ಹಿರಿಯ ಡೊಳ್ಳು ಕಲಾವಿದರು, ಮೊಮ್ಮಗಳನ್ನು ಕಲೆಗೆ ಧಾರೆ ಎರೆದ ಅಜ್ಜ, ಅಂತ ಇನ್ನೂ ಏನೇನೋ.

ಅವರಿಗೆ ಮಧ್ಯಾಹ್ನದ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತಲ್ಲ. ಕುರ್ಚಿಯನ್ನೇ ಹಿಡಿದು ಕೂತೆ. ಇಬ್ಬರು ಬಂದು ರಟ್ಟೆ ಹಿಡಿದು ಹತ್ತಿಸಿದರು. ಶಾಲು ಹೊದಿಸಿದರು, ತಲೆಗೆ ಜರಿಯ ಮೈಸೂರು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮರ್ಯಾದೆ ಮಾಡಿಸಿಕೊಳ್ಳುವಾಗ ಅಷ್ಟು ಮರ್ಯಾದೆ ಹೋದವನು ನಾನೊಬ್ಬನೇ ಇರಬೇಕು.

"ಎರಡು ಮಾತು ಆಡ್ರಿ ಯಜಮಾನ್ರೇ" ಅಂತ ಮೈಕು ಹಿಡಿಸಿದರು.

ಎರಡೇ ಮಾತು ಆಡಬೇಕು ಅಂತಲೇ ಇದ್ದೆ, ದೇವರಾಣೆ. "ನನ್ ಮೊಮ್ಮಗಳು" ಅಂತ ಶುರು ಮಾಡಿದೆ. ಹಾಲಿನ ತುಂಬಾ ನನ್ನದೇ ದನಿ, ಎದುರಿಗೆ ನನ್ನ ಮಾತೇ ಆಡುವ ಅಷ್ಟೊಂದು ಮುಖ. ಮಗುವಾಗಿದ್ದಾಗ ಅವಳು ಡೊಳ್ಳಿಗೆ ಒರಗಿಯೇ ನಿದ್ದೆ ಮಾಡುತ್ತಿದ್ದಳು ಅಂದೆ. ಚಪ್ಪಾಳೆ. ಹೊಳಲ್ಕೆರೆ ಮದುವೆಯದು ಹೇಳಿದೆ. ನಕ್ಕರು. ಬೆರಳ ತುದಿ ಬೊಬ್ಬೆ ಬಂದು ಒಡೆದು, ಮುದ್ದೆ ಮುರಿಯಲಾಗದೆ ಚಮಚದಲ್ಲಿ ತಿಂದದ್ದು ಹೇಳಿದೆ. ಮತ್ತೆ ಚಪ್ಪಾಳೆ. ಮಳೆ ಬಂದು ನಿಂತ ಮೇಲೂ ಹಳ್ಳ ಹರಿಯುತ್ತದಲ್ಲ, ಹಾಗೆ ನನ್ನ ಬಾಯಿ. ವೇದಿಕೆ ಪಕ್ಕದಿಂದ ಚೈತ್ರ ಕೈ ಎತ್ತಿ ಮಣಿಕಟ್ಟು ತೋರಿಸುತ್ತಿದ್ದಳು. ಖುಷಿಗೆ ಕೈ ಬೀಸುತ್ತಿದ್ದಾಳೆ ಅಂತ ನಾನೂ ಬೀಸಿದೆ. ಅವಳು ಗೋಡೆಯ ಗಡಿಯಾರ ತೋರಿಸಿದಳು. ಆಗಲೂ ತಿಳಿಯಲಿಲ್ಲ. ಕೊನೆಗೆ ಮಾಸ್ಟರೇ ಕೀಬೋರ್ಡ್ ಮೇಲೆ ಎರಡೂ ಕೈ ಇಟ್ಟು ಜೋರಾಗಿ ಶುರು ಮಾಡಿ ನನ್ನ ಮಾತನ್ನು ಮುಳುಗಿಸಿದರು.

ಕೆಳಗಿಳಿದು ಕೂತ ಮೇಲೆ ಗಡಿಯಾರ ನೋಡಿದೆ. ಒಂಬತ್ತಕ್ಕೆ ಕಾಲು ಗಂಟೆ ಕಮ್ಮಿ. ಎರವಲು ತಂದ ಗಿಟಾರು ಅವಳ ಕೈಯಲ್ಲಿ ಇರುವಷ್ಟು ಹೊತ್ತನ್ನೂ ನಾನೇ ತಿಂದು ಮುಗಿಸಿದ್ದೆ.

ಒಂಬತ್ತರ ಮೇಲೆ

ಮೂರು ಹಾಡು. ಮೂರಕ್ಕೂ ಜನ ಎದ್ದು ಕುಣಿದರು, ಹೆಂಗಸರು ಕುಣಿದರು, ಅಧ್ಯಕ್ಷರಿಬ್ಬರೂ ಕುಣಿದರು. ರೊಡೆಲ್ ಕರಿ ಕೋಟು ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತ. ಚೈತ್ರ 'ಕೊಡಲಾ' ಅನ್ನುವ ಹಾಗೆ ನೋಡಿದಳು. ಅವನು ಒಂದು ಬೆರಳು ಎತ್ತಿದ, ಇನ್ನೊಂದು ಹಾಡು. ಅದೂ ಮುಗಿಯಿತು. ಗಿಟಾರ್ ಬಿಚ್ಚಿ, ಕರ್ಚೀಫ್ ತೆಗೆದುಕೊಂಡು, ತಲೆ ಬಾಗಿಸಿ ಕೊಟ್ಟಳು. ಅವನು ಓಡುತ್ತಲೇ ಹೋದ.

ಐದನೇ ಹಾಡಿಗೆ ಮಾಸ್ಟರು ಎಡಗೈ ಹಾಕಿದರು. ಹಾಡು ಅಂಥದ್ದೇ, ಹಾಡುವವರು ಅವರೇ. ಆದರೆ ಏನೋ ಇಲ್ಲ. ಅಲ್ಲಿಯ ತನಕ ನನ್ನ ಕುರ್ಚಿಯ ಕಾಲಿನಿಂದ ಬೆನ್ನಿಗೆ, ಬೆನ್ನಿನಿಂದ ಎದೆಗೆ ಒಂದು ಗುದ್ದು ಬರುತ್ತಿತ್ತು. ನಾನು ಅದನ್ನು ಸದ್ದು ಅಂದುಕೊಂಡೇ ಇರಲಿಲ್ಲ, ನನ್ನ ಎದೆಯೇ ಹೊಡೆದುಕೊಳ್ಳುತ್ತಿದೆ ಅಂದುಕೊಂಡಿದ್ದೆ. ಅದು ನಿಂತಿತ್ತು. ಡೊಳ್ಳಿನ ಎಡದ ಮಗ್ಗುಲು ಹರಿದರೆ ಬಲಕ್ಕೆ ಎಷ್ಟು ಬಾರಿಸಿದರೂ ಕುಣಿಯುವವನ ಕಾಲು ಏಳುವುದಿಲ್ಲ. ಹೊಳಲ್ಕೆರೆಯಲ್ಲಿ 'ನಿಂದು ಯಾವಾಗ ಬಂತು' ಅಂತ ಕೇಳಿದ ನನ್ನ ಕಿವಿಗೆ ಏನು ಹೇಳೋಣ. ಡೊಳ್ಳಿನವನು ನಾನು, ನನಗೇ ತಿಳಿಯಲಿಲ್ಲ.

ಮೊದಲು ಮಕ್ಕಳು ಕೂತರು. ಆಮೇಲೆ ಹೆಂಗಸರು. ಹಿಂದಿನ ಸಾಲಿನವರು ಊಟದ ಕಡೆ ಎದ್ದರು. ಕನ್ನಡದ ಜನ ಹಾಡಿನ ಮಧ್ಯೆ ತಟ್ಟೆ ಹುಡುಕಿದರೆ ಆ ತಂಡದ ಕಥೆ ಮುಗಿದ ಹಾಗೆ. ಎಡಗೈಗೆ ಗಮನ ಕೊಟ್ಟ ಮಾಸ್ಟರ ಬಲಗೈ ಎರಡು ಸಲ ತಪ್ಪಿತು. ಚೈತ್ರ ಬರಿಗೈಯಲ್ಲಿ ಪಕ್ಕಕ್ಕೆ ನಿಂತು ತಾಳ ಹಾಕುತ್ತಿದ್ದಳು. ನಾನು ಪೇಟ ಇಟ್ಟುಕೊಂಡು, ಬುಟ್ಟಿ ತೊಡೆ ಮೇಲಿಟ್ಟುಕೊಂಡು, ಮುಂದಿನ ಸಾಲಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತಿದ್ದೆ.

ಹಾಡು ಮುಗಿದ ಕೂಡಲೇ ಮಾಸ್ಟರು ಅವಳ ಕಡೆ ಬಗ್ಗಿದರು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. "ಆ ಬೆಂಡಾಗಿರೋದ್ನೇ ತರ್ಸಮ್ಮ. ಎಷ್ಟು ಬರುತ್ತೋ ಅಷ್ಟೇ ಬರ್ಲಿ."

ಚೈತ್ರ ನನ್ನ ಕಡೆ ನೋಡಿದಳು. "ಅಜ್ಜ, ಹೋಗಿ ತಗಂಬಾ."

ಬುಟ್ಟಿಯನ್ನು ಪಕ್ಕದವರ ಮಡಿಲಿಗೆ ಹಾಕಿ ಎದ್ದೆ. ಲಿಫ್ಟಿನ ಗುಂಡಿ ಒತ್ತಲು ನನಗೆ ಬರುವುದಿಲ್ಲ, ಮೆಟ್ಟಿಲು ಹತ್ತಿದೆ. ರೂಮಿನಿಂದ ಗಿಟಾರನ್ನು ಆಗ ತಾನೇ ಹುಟ್ಟಿದ ಕುರಿಮರಿಯನ್ನು ತರುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದೆ. ಲೌಂಜಿನ ಮುಂದೆ ಹಾಯುವಾಗ ರೊಡೆಲ್ ನುಡಿಸುತ್ತಿದ್ದವನು ನನ್ನ ಪೇಟ, ಶಾಲು, ಕೈಯಲ್ಲಿನ ಗಿಟಾರ್ ನೋಡಿ ಗದ್ದ ಎತ್ತಿದ, ಬೇಗ ಹೋಗು ಅನ್ನುವ ಹಾಗೆ.

ಮೇಲಿನ ಎರಡು ದಪ್ಪ ತಂತಿ, ಅದೂ ತಲೆಯ ಹತ್ತಿರದ ಮನೆಗಳು ಮಾತ್ರ ಸ್ವರಕ್ಕೆ ನಿಂತಿದ್ದವು. ಅಷ್ಟರಲ್ಲೇ ನುಡಿಸಿದಳು. ಕೆಲವು ಕಡೆ ತಂತಿ ಜರ್ರ್ ಅನ್ನುತ್ತಿತ್ತು. ಹಾಲಿನ ಅಷ್ಟೂ ಸ್ಪೀಕರಿನಲ್ಲಿ ಆ ಜರ್ರ್ ಕೇಳಿದಾಗಲೆಲ್ಲ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗೆ ಆಗುತ್ತಿತ್ತು, ತಲೆ ತಗ್ಗಿಸುತ್ತಿದ್ದೆ. ಆದರೆ ಕುರ್ಚಿಯೊಳಗೆ ಆ ಗುದ್ದು ವಾಪಸ್ ಬಂದಿತ್ತು. ಮಕ್ಕಳು ಎದ್ದರು. ತಟ್ಟೆ ಹಿಡಿದು ಹೋಗಿದ್ದ ಅಧ್ಯಕ್ಷರೊಬ್ಬರು ಚಿತ್ರಾನ್ನ ಹಿಡಿದುಕೊಂಡೇ ಬಂದು ಕುಣಿದರು. ನಾಚಿಕೆಗೂ ಖುಷಿಗೂ ಒಂದೇ ಕಣ್ಣು, ಯಾವುದಕ್ಕೆ ನೀರು ಬಂತೋ ನನಗೆ ಗೊತ್ತಾಗಲಿಲ್ಲ.

ಎಲ್ಲ ಮುಗಿದ ಮೇಲೆ ತಂಡದವರು ಸಾಮಾನು ಕಟ್ಟುತ್ತಿದ್ದರು. ಮಾಸ್ಟರು ಎಡಗೈಯ ಬೆರಳು ನೀವಿಕೊಳ್ಳುತ್ತಾ, "ಊರಿಗೆ ಹೋದ ತಕ್ಷಣ ಇದನ್ನ ರಿಪೇರಿ ಮಾಡ್ಸು. ಬರೋ ವಾರ ಹೊಸದುರ್ಗದಾಗೆ ಮದುವೆ ಐತೆ, ಅದಾದ್ಮ್ಯಾಲೆ ಹಿರಿಯೂರು. ನೀನಿಲ್ದೆ ಆಗಲ್ಲ" ಅಂದರು. ಚೈತ್ರ ಹೂಂ ಅಂದಳು, ಅಷ್ಟೇ. ಅವಳ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಮಾಸ್ಟರು ನನ್ನ ಕಡೆ ತಿರುಗಿ, "ಯಜಮಾನ್ರೇ, ನೀವು ಬರಬ್ಯಾಡ್ರಿ" ಅಂದರು.

"ಇಲ್ಲ ಮಾಸ್ಟ್ರೇ, ಬರಲ್ಲ" ಅಂದೆ.

"ಬರ್ಲಿ ಬಿಡ್ರಿ ಮಾಸ್ಟರ್. ಮುಂದೆ ಕುಂತ್ಕಳ್ಳಿ" ಅಂದಳು ಚೈತ್ರ. "ಮೈಕು ಮಾತ್ರ ಕೊಡಬ್ಯಾಡ್ರಿ."

ಎಲ್ಲರೂ ನಕ್ಕರು. ಗಿಟಾರ್ ಹೊರಲು ನಾನು ಕೈ ಚಾಚಿದೆ. ಅವಳು ಅದನ್ನು ಕೊಡಲಿಲ್ಲ, ತನ್ನ ಬೆನ್ನಿಗೇ ಹಾಕಿಕೊಂಡಳು. ನೆಲದ ಮೇಲಿದ್ದ ಉದ್ದನೆಯ ವೈರನ್ನು ಸುತ್ತಿ ನನ್ನ ಕೈಗೆ ಕೊಟ್ಟು, "ಇದನ್ನ ಹಿಡ್ಕಳಜ್ಜ" ಅಂದಳು. ರೂಮಿನ ತನಕ ಅದನ್ನು ಎಲ್ಲೂ ಕೆಳಗಿಡದೆ ಹಿಡಿದುಕೊಂಡು ಬಂದೆ.